ಶಾಲಾಪೂರ್ವ ಶಿಕ್ಷಣ ಮತ್ತು ಶಿಶುಪಾಲನೆ

ಶಾಲಾಪೂರ್ವ ಶಿಕ್ಷಣ ಮತ್ತು ಶಿಶುಪಾಲನೆ ಎಂಬುವು ಒಂದನೇ ತರಗತಿಗೆ ಸೇರುವ ಮೊದಲಿನ ವಯಸ್ಸಿನ ಮಕ್ಕಳಿಗಾಗಿ ಮನೆಯ ಹೊರಗೆ ಏರ್ಪಡಿಸಲಾಗುವ ಎರಡು ಬಗೆಯ ಸೇವೆಗಳು. ಮಗುವಿನ ಭಾಷೆ, ಬುದ್ಧಿ, ಸಾಮಾಜಿಕ ನಡವಳಿಕೆ ಮುಂತಾದವುಗಳ ಬೆಳವಣಿಗೆಯನ್ನು ಉದ್ದೇಶಿಸಿ ನಡೆಸುವ ಚಟುವಟಿಕೆಯನ್ನು ಶಾಲಾಪೂರ್ವ ಶಿಕ್ಷಣವೆಂದೂ, ತಂದೆತಾಯಿಗಳು ದುಡಿಯುವ ಹೊತ್ತಿನಲ್ಲಿ ಮಗುವಿನ ಸುರಕ್ಷತೆ, ಊಟ, ನಿದ್ದೆ, ಶುಚಿತ್ವಗಳನ್ನು ನೋಡಿಕೊಳ್ಳುವುದನ್ನು ಶಿಶುಪಾಲನೆಯೆಂದೂ ಕರೆಯುತ್ತಾರೆ. ಚಿಕ್ಕ ಮಕ್ಕಳ ಶಾಲೆಯು ಮುಖ್ಯವಾಗಿ ಕಲಿಕೆಯ ಸ್ಥಳವೋ ಅಥವಾ ಪಾಲನೆಯ ಸ್ಥಳವೋ ಎಂಬ ಪ್ರಶ್ನೆ ಈ ಸಂಸ್ಥೆಗಳು ಹುಟ್ಟಿದ ಕಾಲದಿಂದಲೂ ಚರ್ಚೆಯಲ್ಲಿದೆ. ಇದಕ್ಕೆ ದೊರೆಯುವ ಉತ್ತರವನ್ನು ಅನುಸರಿಸಿ ಕೇಂದ್ರಗಳ ಕಾಲಾವಧಿ, ಅವು ಸೇರುವ ಇಲಾಖೆ, ಅಲ್ಲಿ ಕೆಲಸ ಮಾಡುವವರ ಹುದ್ದೆ ಮತ್ತು ವೇತನ, ಮಗುವಿಗೆ ಕಾನೂನಿನಡಿ ದೊರೆಯುವ ಹಕ್ಕು ಇವೆಲ್ಲವೂ ಬದಲಾಗುತ್ತವೆ. ಭಾರತದಲ್ಲಿ ಈ ಚರ್ಚೆಯ ಕೇಂದ್ರದಲ್ಲಿ ಅಂಗನವಾಡಿ ಇದೆ.

ಪದಗಳು ಮತ್ತು ಅರ್ಥವ್ಯಾಪ್ತಿ

ಕನ್ನಡದಲ್ಲಿ ಚಿಕ್ಕ ಮಕ್ಕಳ ಕೇಂದ್ರಗಳಿಗೆ ಹಲವು ಹೆಸರುಗಳು ಬಳಕೆಯಲ್ಲಿವೆ. ಶಿಶುವಿಹಾರ, ಬಾಲವಾಡಿ, ಅಂಗನವಾಡಿ, ನರ್ಸರಿ, ಎಲ್‌ಕೆಜಿ, ಯುಕೆಜಿ ಎಂಬವು ಸಾಮಾನ್ಯವಾಗಿ ಕಲಿಕೆಯ ಅಂಶವಿರುವ ಕೇಂದ್ರಗಳನ್ನು ಸೂಚಿಸುತ್ತವೆ. ಶಿಶುಪಾಲನಾ ಕೇಂದ್ರ, ಕ್ರೆಶ್, ಡೇ ಕೇರ್ ಎಂಬವು ಪಾಲನೆಯನ್ನು ಮುಖ್ಯವಾಗಿಟ್ಟುಕೊಂಡ ಕೇಂದ್ರಗಳ ಹೆಸರುಗಳು. ವ್ಯವಹಾರದಲ್ಲಿ ಈ ಗೆರೆ ಸ್ಪಷ್ಟವಾಗಿಲ್ಲ. ನಗರದ ಅನೇಕ ಖಾಸಗಿ ನರ್ಸರಿಗಳು ಮಧ್ಯಾಹ್ನದವರೆಗೆ ಶಾಲೆಯಾಗಿಯೂ ಆ ಬಳಿಕ ಡೇ ಕೇರ್ ಆಗಿಯೂ ನಡೆಯುತ್ತವೆ.

ಕರ್ನಾಟಕದ ಅನೇಕ ಮನೆಗಳಲ್ಲಿ ಮಗುವಿನ ಕಲಿಕೆಯ ಆರಂಭವನ್ನು ಅಕ್ಷರಾಭ್ಯಾಸದಿಂದ ಗುರುತಿಸುವ ಸಂಪ್ರದಾಯವಿದೆ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಹಿರಿಯರು ಮಗುವಿನ ಬೆರಳು ಹಿಡಿದು ಅಕ್ಷರ ಬರೆಸುತ್ತಾರೆ. ಅದಕ್ಕೂ ಮುಂಚಿನ ವರ್ಷಗಳ ಮಾತು, ಆಟ, ಕತೆ, ಜೋಗುಳಗಳನ್ನು ಪಾಲನೆಯೆಂದೇ ಎಣಿಸಲಾಗುತ್ತಿತ್ತು. ಆ ಹೊಣೆ ತಾಯಿ, ಅಜ್ಜಿ ಮತ್ತು ಮನೆಯ ಹಿರಿಯ ಹೆಣ್ಣುಮಕ್ಕಳದಾಗಿತ್ತು. ಓದು ಬರಹ ಮಾತ್ರವೇ ಶಿಕ್ಷಣ ಎಂಬ ಈ ತಿಳಿವಳಿಕೆಯನ್ನು ಇಂದಿನ ಶಿಶು ಮನೋವಿಜ್ಞಾನ ಒಪ್ಪುವುದಿಲ್ಲ. ಉಣಿಸುವಾಗ, ಸ್ನಾನ ಮಾಡಿಸುವಾಗ, ಮಲಗಿಸುವಾಗ ನಡೆಯುವ ಮಾತುಕತೆಯಿಂದಲೇ ಮಗುವಿನ ಭಾಷೆ ಬೆಳೆಯುತ್ತದೆ. ಹೀಗಾಗಿ ತಜ್ಞರು 'ಆರಂಭಿಕ ಬಾಲ್ಯದ ಆರೈಕೆ ಮತ್ತು ಶಿಕ್ಷಣ' ಎಂಬ ಜಂಟಿ ಪದವನ್ನು ಬಳಸುತ್ತಾರೆ. ಭಾರತ ಸರ್ಕಾರದ 2013ರ ರಾಷ್ಟ್ರೀಯ ನೀತಿಯ ಹೆಸರಿನಲ್ಲಿಯೂ ಈ ಎರಡು ಪದಗಳು ಒಟ್ಟಿಗೆ ಇವೆ.

ಐತಿಹಾಸಿಕ ಹಿನ್ನೆಲೆ

ಯುರೋಪ್

ಯುರೋಪಿನ ಆರಂಭಿಕ ಶಿಶುಶಾಲೆಗಳು ಕಾರ್ಖಾನೆಗಳ ನೆರಳಿನಲ್ಲಿ ಹುಟ್ಟಿದವು. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್‌ನಲ್ಲಿ ಹತ್ತಿ ಗಿರಣಿ ನಡೆಸುತ್ತಿದ್ದ ರಾಬರ್ಟ್ ಓವೆನ್ 1816ರಲ್ಲಿ ತನ್ನ ಕೆಲಸಗಾರರ ಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದನು. ನಡೆಯಲು ಕಲಿತ ಮಕ್ಕಳನ್ನು ಅಲ್ಲಿ ಸೇರಿಸಿಕೊಳ್ಳಲಾಗುತ್ತಿತ್ತು. ಹಾಡು, ಕುಣಿತ, ಹೊರಾಂಗಣದ ಆಟಗಳು ಅಲ್ಲಿಯ ಪಾಠಗಳಾಗಿದ್ದವು. ಮಕ್ಕಳ ಚಾರಿತ್ರ್ಯವನ್ನು ರೂಪಿಸುವುದು ಓವೆನ್‌ನ ಗುರಿ. ತಾಯಂದಿರು ಗಿರಣಿಯಲ್ಲಿ ನಿಶ್ಚಿಂತೆಯಿಂದ ದುಡಿಯಲು ಸಾಧ್ಯವಾದದ್ದು ಅದರ ಜೊತೆಗೆ ಒದಗಿದ ಫಲ.

ಜರ್ಮನಿಯ ಫ್ರೆಡ್ರಿಕ್ ಫ್ರೊಬೆಲ್ 1837ರಲ್ಲಿ ಬ್ಲಾಂಕೆನ್‌ಬರ್ಗ್‌ನಲ್ಲಿ ಆಟವನ್ನೇ ಕಲಿಕೆಯ ವಿಧಾನವನ್ನಾಗಿಸಿದ ಕೇಂದ್ರವನ್ನು ಆರಂಭಿಸಿ, 1840ರಲ್ಲಿ ಅದಕ್ಕೆ 'ಮಕ್ಕಳ ತೋಟ' ಎಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರನ್ನಿಟ್ಟನು. ಪ್ರಷ್ಯಾ ಸರ್ಕಾರವು 1851ರಲ್ಲಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿ 1860ರಲ್ಲಿ ನಿಷೇಧವನ್ನು ಹಿಂತೆಗೆದುಕೊಂಡಿತು. ಫ್ರಾನ್ಸಿನಲ್ಲಿ ಫರ್ಮ್ಯಾಂ ಮಾರ್ಬೊ 1844ರಲ್ಲಿ ಪ್ಯಾರಿಸ್‌ನಲ್ಲಿ ದುಡಿಯುವ ಬಡ ತಾಯಂದಿರ ಕೂಸುಗಳಿಗಾಗಿ ಮೊದಲ ಕ್ರೆಶ್ ತೆರೆದನು. ಹೀಗೆ 19ನೆಯ ಶತಮಾನದ ನಡುಭಾಗದಲ್ಲಿಯೇ ಎರಡು ಧಾರೆಗಳು ಬೇರೆಬೇರೆಯಾಗಿ ಹರಿಯತೊಡಗಿದವು: ಮಧ್ಯಮ ವರ್ಗದ ಮಕ್ಕಳಿಗೆ ಅರ್ಧ ದಿನದ ಶಿಶುವಿಹಾರ, ಕಾರ್ಮಿಕರ ಮಕ್ಕಳಿಗೆ ಇಡೀ ದಿನದ ಪಾಲನಾ ಕೇಂದ್ರ.

ಈ ವಿಭಜನೆಯನ್ನು ಮೀರಿದ ಪ್ರಸಿದ್ಧ ಉದಾಹರಣೆ ಮರಿಯಾ ಮಾಂಟೆಸ್ಸರಿಯವರದು. ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡ ಬಡಾವಣೆಯಲ್ಲಿ ಹೊಸದಾಗಿ ದುರಸ್ತಿ ಮಾಡಿದ ವಸತಿ ಕಟ್ಟಡಗಳಲ್ಲಿ, ತಂದೆತಾಯಿಗಳು ಕೆಲಸಕ್ಕೆ ಹೋದ ಮೇಲೆ ಮಕ್ಕಳು ಒಂಟಿಯಾಗಿ ಉಳಿದು ಗೋಡೆ, ಮೆಟ್ಟಿಲುಗಳನ್ನು ಹಾಳುಗೆಡವುತ್ತಿದ್ದರು. ಅವರನ್ನು ಒಂದು ಕೋಣೆಯಲ್ಲಿ ಸೇರಿಸಿ ನೋಡಿಕೊಳ್ಳಲೆಂದು ಕಟ್ಟಡದ ಆಡಳಿತವು ವೈದ್ಯೆಯಾಗಿದ್ದ ಮಾಂಟೆಸ್ಸರಿಯವರನ್ನು ಕರೆಯಿತು. 1907ರ ಜನವರಿ 6ರಂದು ತೆರೆದ ಆ ಕೋಣೆಯಲ್ಲಿಯೇ ಅವರ ಶಿಕ್ಷಣ ಪದ್ಧತಿ ರೂಪುಗೊಂಡಿತು. ಇಂದು ದುಬಾರಿ ಖಾಸಗಿ ಶಾಲೆಗಳ ಹೆಸರಿನಲ್ಲಿ ಕಾಣುವ ಈ ಪದ್ಧತಿಯ ಮೂಲ ಕಾರ್ಮಿಕರ ಮಕ್ಕಳ ಪಾಲನೆಯ ಅಗತ್ಯದಲ್ಲಿದೆ.

ಭಾರತ

ಭಾರತದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿ, ಮಾಂಟೆಸ್ಸರಿ ಪದ್ಧತಿಯನ್ನು ಸ್ಥಳೀಯ ಹಾಡು, ಕತೆ, ಆಟಗಳೊಂದಿಗೆ ಹೊಂದಿಸಿದರು. ಅವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕ್ 1945ರಲ್ಲಿ ಈಗಿನ ಮಹಾರಾಷ್ಟ್ರದ ಬೋರ್ಡಿ ಗ್ರಾಮದಲ್ಲಿ ಗ್ರಾಮೀಣ ಮಕ್ಕಳಿಗಾಗಿ ಕೆಲಸ ಆರಂಭಿಸಿದರು. ಅನುತಾಯಿ ವಾಘ್ ಅವರೊಂದಿಗೆ ಸೇರಿದರು. ಬಾಲವಾಡಿಗೆ ಬಾರದ ಮಕ್ಕಳಿರುವ ಕೇರಿಗೆ ಬಾಲವಾಡಿಯೇ ಹೋಗಬೇಕೆಂದು ಅವರು ಮನೆಗಳ ಅಂಗಳದಲ್ಲಿಯೇ ಮಕ್ಕಳನ್ನು ಸೇರಿಸತೊಡಗಿದರು. 'ಅಂಗನವಾಡಿ' ಎಂಬ ಕಲ್ಪನೆ ಹೀಗೆ ಬಂದಿತು. ಅಂಗನ ಎಂದರೆ ಅಂಗಳ.

ಮುಂದೆ ಕೋಸಬಾಡದಲ್ಲಿ ಅವರು ನಡೆಸಿದ 'ವಿಕಾಸವಾಡಿ' ಪ್ರಯೋಗವು ಈ ಲೇಖನದ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಆದಿವಾಸಿ ಕುಟುಂಬಗಳ ದೊಡ್ಡ ಹೆಣ್ಣುಮಕ್ಕಳು ತಮ್ಮ ತಂಗಿಯನ್ನೋ ತಮ್ಮನನ್ನೋ ಸೊಂಟದ ಮೇಲೆ ಹೊತ್ತು ತಿರುಗಬೇಕಾಗಿದ್ದುದರಿಂದ ಶಾಲೆಗೆ ಬರಲಾಗುತ್ತಿರಲಿಲ್ಲ. ಇದಕ್ಕೆ ಪರಿಹಾರವಾಗಿ ಒಂದೇ ಆವರಣದಲ್ಲಿ ಕೂಸುಗಳಿಗೆ ಶಿಶುಪಾಲನಾ ಕೇಂದ್ರ, ನಡುವಿನ ವಯಸ್ಸಿನವರಿಗೆ ಬಾಲವಾಡಿ, ದೊಡ್ಡವರಿಗೆ ಪ್ರಾಥಮಿಕ ಶಾಲೆಯನ್ನು ನಡೆಸಲಾಯಿತು. ಕೂಸಿಗೆ ಪಾಲನೆ ದೊರೆತರೆ ಅಕ್ಕನಿಗೆ ಶಿಕ್ಷಣ ದೊರೆಯುತ್ತದೆ ಎಂಬುದನ್ನು ಈ ಪ್ರಯೋಗ ತೋರಿಸಿತು.

ನಗರದ ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ 1969ರಲ್ಲಿ ಮೀರಾ ಮಹಾದೇವನ್ ದೆಹಲಿಯಲ್ಲಿ ಮೊಬೈಲ್ ಕ್ರೆಶಸ್ ಸಂಸ್ಥೆಯನ್ನು ಆರಂಭಿಸಿದರು. ಕೆಲಸದ ಜಾಗ ಬದಲಾದಂತೆ ಕೇಂದ್ರವೂ ಕಾರ್ಮಿಕರೊಂದಿಗೆ ಮುಂದಕ್ಕೆ ಸಾಗುವುದು ಇದರ ವಿಶೇಷವಾಗಿತ್ತು.

ಸಂವಿಧಾನ ಮತ್ತು ಕಾನೂನು

ಭಾರತದ ಸಂವಿಧಾನದ ಮೂಲ 45ನೆಯ ವಿಧಿಯು 14 ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಒದಗಿಸಲು ರಾಜ್ಯವು ಪ್ರಯತ್ನಿಸಬೇಕೆಂದು ಹೇಳಿತ್ತು. ಅದರಲ್ಲಿ ವಯಸ್ಸಿನ ಕೆಳಮಿತಿ ಇರಲಿಲ್ಲ. 2002ರ 86ನೆಯ ತಿದ್ದುಪಡಿಯು 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು 21-ಎ ವಿಧಿಯಡಿ ಮೂಲಭೂತ ಹಕ್ಕನ್ನಾಗಿ ಮಾಡಿತು. 6 ವರ್ಷದೊಳಗಿನ ಮಕ್ಕಳ ಆರೈಕೆ ಮತ್ತು ಶಿಕ್ಷಣವು ಪರಿಷ್ಕೃತ 45ನೆಯ ವಿಧಿಯಲ್ಲಿ ರಾಜ್ಯನೀತಿಯ ನಿರ್ದೇಶಕ ತತ್ತ್ವವಾಗಿ ಉಳಿಯಿತು. ನಿರ್ದೇಶಕ ತತ್ತ್ವವನ್ನು ಜಾರಿಗೊಳಿಸುವಂತೆ ನ್ಯಾಯಾಲಯದಲ್ಲಿ ನೇರವಾಗಿ ಕೇಳಲು ಬರುವುದಿಲ್ಲವಾದ್ದರಿಂದ, ಐದು ವರ್ಷದ ಮಗುವಿನ ಕಲಿಕೆಗೂ ಆರು ವರ್ಷದ ಮಗುವಿನ ಕಲಿಕೆಗೂ ಕಾನೂನಿನ ದೃಷ್ಟಿಯಲ್ಲಿ ದೊಡ್ಡ ಅಂತರ ಉಂಟಾಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೆಯ ಪ್ರಕರಣವು 3 ವರ್ಷ ಮೇಲ್ಪಟ್ಟ ಮಕ್ಕಳನ್ನು ಪ್ರಾಥಮಿಕ ಶಿಕ್ಷಣಕ್ಕೆ ಸಿದ್ಧಪಡಿಸಲು ಸರ್ಕಾರವು ಉಚಿತ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆ ಮಾಡಬಹುದು ಎನ್ನುತ್ತದೆ. 'ಮಾಡತಕ್ಕದ್ದು' ಎಂಬುದರ ಬದಲು 'ಮಾಡಬಹುದು' ಎಂದಿರುವುದು ಈ ಪ್ರಕರಣದ ಮುಖ್ಯ ಮಿತಿಯೆಂದು ಮಕ್ಕಳ ಹಕ್ಕುಗಳ ಪರವಾದವರು ಟೀಕಿಸುತ್ತಾರೆ. ಊಟದ ವಿಷಯ ಹೀಗಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು 6 ತಿಂಗಳಿಂದ 6 ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯ ಮೂಲಕ ಉಚಿತ ಪೌಷ್ಟಿಕ ಆಹಾರವನ್ನು ಹಕ್ಕಾಗಿ ನೀಡಿದೆ. ಆದ್ದರಿಂದ ನಾಲ್ಕು ವರ್ಷದ ಮಗುವಿಗೆ ಅಂಗನವಾಡಿಯಲ್ಲಿ ಊಟ ಕೇಳುವ ಕಾಯ್ದೆಬದ್ಧ ಹಕ್ಕಿದೆ. ಪಾಠ ಕೇಳುವ ಅಂತಹ ಹಕ್ಕು ಇಲ್ಲ.

ಪಾಲನೆಯ ಬಗೆಗಿನ ಕಾನೂನುಗಳು ಶಿಕ್ಷಣ ಕಾನೂನುಗಳಿಂದ ಪ್ರತ್ಯೇಕವಾಗಿ ಕಾರ್ಮಿಕ ಕಾನೂನುಗಳಾಗಿ ಬೆಳೆದವು. 1948ರ ಕಾರ್ಖಾನೆ ಕಾಯ್ದೆಯಡಿ 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಅವರ 6 ವರ್ಷದೊಳಗಿನ ಮಕ್ಕಳಿಗಾಗಿ ಕೋಣೆ ಇರಬೇಕೆಂಬ ನಿಯಮ ಬಂದಿತು. ಕೊಡಗು, ಚಿಕ್ಕಮಗಳೂರುಗಳಂತಹ ಪ್ರದೇಶಗಳ ಕಾಫಿ ತೋಟಗಳಿಗೆ ಅನ್ವಯಿಸಿದ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿಯೂ ಶಿಶುಪಾಲನಾ ಕೇಂದ್ರದ ಅವಕಾಶವಿತ್ತು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆಯು 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಈ ಸೌಲಭ್ಯವನ್ನು ಕಡ್ಡಾಯಗೊಳಿಸಿತು. ಉದ್ಯೋಗ ಖಾತರಿ ಕೆಲಸದ ಸ್ಥಳದಲ್ಲಿ ತಾಯಂದಿರೊಂದಿಗೆ ಐದು ಅಥವಾ ಹೆಚ್ಚು ಚಿಕ್ಕ ಮಕ್ಕಳು ಬಂದಾಗ, ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಬೇಕೆಂಬ ನಿಯಮವೂ ಬಂದಿತು. ಹೊಲಗದ್ದೆಯ ಕೂಲಿ, ಮನೆಗೆಲಸ, ಬೀದಿ ವ್ಯಾಪಾರಗಳಲ್ಲಿ ತೊಡಗಿರುವ ಮಹಿಳೆಯರು ಈ ಕಾನೂನುಗಳ ವ್ಯಾಪ್ತಿಗೆ ಬಹುತೇಕ ಬರುವುದಿಲ್ಲ.

ಅಂಗನವಾಡಿಯ ಇಬ್ಬಗೆಯ ಕಾರ್ಯ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು ಇದಕ್ಕಾಗಿ ಆರಿಸಿಕೊಳ್ಳಲಾಗಿತ್ತು. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವ ಸೇವೆ, ತಾಯಂದಿರಿಗೆ ಆರೋಗ್ಯ ಮತ್ತು ಪೌಷ್ಟಿಕತೆಯ ಶಿಕ್ಷಣ ಹಾಗೂ ಅನೌಪಚಾರಿಕ ಶಾಲಾಪೂರ್ವ ಶಿಕ್ಷಣ ಎಂಬವು ಯೋಜನೆಯ ಆರು ಸೇವೆಗಳು. ಇವುಗಳಲ್ಲಿ ಶಿಕ್ಷಣ ಒಂದು ಮಾತ್ರ. ಇಡೀ ದಿನದ ಶಿಶುಪಾಲನೆ ಈ ಪಟ್ಟಿಯಲ್ಲಿ ಇಲ್ಲ. ಶಿಕ್ಷಣ ಮತ್ತು ಬಿಸಿಯೂಟ 3ರಿಂದ 6 ವರ್ಷದವರಿಗೆ ಕೇಂದ್ರದಲ್ಲಿ ದೊರೆತರೆ, 3 ವರ್ಷದೊಳಗಿನವರ ಆಹಾರ ಸಾಮಗ್ರಿಯನ್ನು ಮನೆಗೆ ನೀಡಲಾಗುತ್ತದೆ. ಆ ವಯಸ್ಸಿನ ಮಗುವನ್ನು ತಾಯಿ ಕೇಂದ್ರದಲ್ಲಿ ಬಿಟ್ಟುಹೋಗುವಂತಿಲ್ಲ.

ಹಕ್ಕುಗಳ ಹೋರಾಟದಲ್ಲಿಯೂ ಆಹಾರವೇ ಮುಂದೆ ನಿಂತಿತು. 2001ರಲ್ಲಿ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆ ಹೂಡಿದ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ಸರಣಿ ಆದೇಶಗಳು ಅಂಗನವಾಡಿಯನ್ನು ಪ್ರತಿ ಜನವಸತಿಗೂ ವಿಸ್ತರಿಸಲು ಕಾರಣವಾದವು. ಇಂದು ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿ ಕೇಂದ್ರಗಳಿವೆ. ಕರ್ನಾಟಕದಲ್ಲಿ ಅವುಗಳ ಸಂಖ್ಯೆ 65 ಸಾವಿರಕ್ಕೂ ಹೆಚ್ಚು.

ಪ್ರತಿ ಕೇಂದ್ರದಲ್ಲಿ ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿ ಇರುತ್ತಾರೆ. ಮಕ್ಕಳಿಗೆ ಪಾಠ ಹೇಳುವುದರ ಜೊತೆಗೆ ತೂಕ ಮತ್ತು ಎತ್ತರ ಅಳೆಯುವುದು, ಗರ್ಭಿಣಿ ಹಾಗೂ ಬಾಣಂತಿಯರ ಮನೆಗೆ ಭೇಟಿ ನೀಡುವುದು, ಆಹಾರ ಸಾಮಗ್ರಿಯ ಲೆಕ್ಕ ಬರೆಯುವುದು, ಮೊಬೈಲಿನ ಪೋಷಣ್ ಟ್ರ್ಯಾಕರ್‌ನಲ್ಲಿ ಮಾಹಿತಿ ತುಂಬುವುದು ಕಾರ್ಯಕರ್ತೆಯ ಕೆಲಸಗಳು. ಅಡುಗೆ, ಶುಚಿತ್ವ ಮತ್ತು ಮಕ್ಕಳನ್ನು ಕರೆತರುವುದು ಸಹಾಯಕಿಯ ಪಾಲಿನವು. ಇಷ್ಟು ಕೆಲಸಗಳ ನಡುವೆ ಕಲಿಕೆಗೆ ದೊರೆಯುವ ಹೊತ್ತು ಕಡಿಮೆಯಾಗುತ್ತದೆ ಎಂಬುದು ಈ ವ್ಯವಸ್ಥೆಯ ಬಗೆಗಿನ ಸಾಮಾನ್ಯ ಟೀಕೆ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಅಂಗನವಾಡಿಗಳು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೂ, ಸರ್ಕಾರಿ ಶಾಲೆಗಳ ಪೂರ್ವ ಪ್ರಾಥಮಿಕ ತರಗತಿಗಳು ಶಾಲಾ ಶಿಕ್ಷಣ ಇಲಾಖೆಗೂ ಸೇರಿವೆ. ಅಂಗನವಾಡಿಯ ಕಲಿಕೆಗಾಗಿ 'ಚಿಲಿಪಿಲಿ' ಎಂಬ ಚಟುವಟಿಕೆ ಆಧಾರಿತ ಪಠ್ಯಕ್ರಮ ಬಳಕೆಯಲ್ಲಿದೆ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ಶಾಲೆ ಮತ್ತು ಅಂಗನವಾಡಿಯ ಮಕ್ಕಳಿಗೆ ಹಾಲು ನೀಡಲಾಗುತ್ತದೆ.

ಖಾಸಗಿ ಎಲ್‌ಕೆಜಿ, ಯುಕೆಜಿಗಳ ಕಡೆಗೆ ಪೋಷಕರ ಒಲವು ಹೆಚ್ಚಿದಂತೆ ಗ್ರಾಮಗಳಲ್ಲಿಯೂ ಅಂಗನವಾಡಿಯನ್ನು 'ಊಟ ಕೊಡುವ ಕಡೆ' ಎಂದೂ ಕಾನ್ವೆಂಟನ್ನು 'ಓದಿಸುವ ಕಡೆ' ಎಂದೂ ಬೇರ್ಪಡಿಸಿ ನೋಡುವ ಮನೋಭಾವ ಬೆಳೆದಿದೆ. ಸಮವಸ್ತ್ರ, ಇಂಗ್ಲಿಷ್ ಅಕ್ಷರಮಾಲೆ, ಮನೆಗೆಲಸದ ಪುಸ್ತಕ ಮುಂತಾದವು ಪೋಷಕರ ಕಣ್ಣಿಗೆ ಶಿಕ್ಷಣದ ಗುರುತುಗಳಾಗಿ ಕಾಣುತ್ತವೆ. ಆಟ, ಹಾಡು, ಮಣ್ಣಿನ ಕೆಲಸಗಳು ಹಾಗೆ ಕಾಣುವುದಿಲ್ಲ. ಮಕ್ಕಳನ್ನು ಉಳಿಸಿಕೊಳ್ಳಲು ಸರ್ಕಾರವು ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿಯೂ ಬಳಿಕ ಇತರ ಆಯ್ದ ಸರ್ಕಾರಿ ಶಾಲೆಗಳಲ್ಲಿಯೂ ಎಲ್‌ಕೆಜಿ, ಯುಕೆಜಿ ತರಗತಿಗಳನ್ನು ತೆರೆಯಿತು. ಇದರಿಂದ ಅಂಗನವಾಡಿಗಳಲ್ಲಿ ಮಕ್ಕಳ ಸಂಖ್ಯೆ ಕುಸಿದು ಕೇಂದ್ರಗಳೇ ಮುಚ್ಚಬಹುದೆಂದು ಆತಂಕಗೊಂಡ ಕಾರ್ಯಕರ್ತೆಯರು 2024ರ ಜೂನ್‌ನಲ್ಲಿ ಪ್ರತಿಭಟನೆ ನಡೆಸಿ, ಆ ತರಗತಿಗಳನ್ನು ಅಂಗನವಾಡಿಯಲ್ಲಿಯೇ ನಡೆಸಬೇಕೆಂದು ಒತ್ತಾಯಿಸಿದರು. ಅದೇ ವರ್ಷ ಆಯ್ದ ಅಂಗನವಾಡಿಗಳಲ್ಲಿ ಸರ್ಕಾರಿ ಮಾಂಟೆಸ್ಸರಿ ತರಗತಿಗಳನ್ನು ಆರಂಭಿಸಲಾಯಿತು.

ಇನ್ನೊಂದೆಡೆ ಪಾಲನೆಯ ಅಗತ್ಯವನ್ನು ನೇರವಾಗಿ ಗುರುತಿಸಿದ ಯೋಜನೆ 'ಕೂಸಿನ ಮನೆ'. 2023-24ರಲ್ಲಿ ಪ್ರಕಟವಾದ ಈ ಯೋಜನೆಯಡಿ 4,000 ಗ್ರಾಮ ಪಂಚಾಯಿತಿಗಳಲ್ಲಿ, ಮುಖ್ಯವಾಗಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಮಕ್ಕಳಿಗಾಗಿ ಶಿಶುಪಾಲನಾ ಕೇಂದ್ರಗಳನ್ನು ತೆರೆಯಲು ಉದ್ದೇಶಿಸಲಾಯಿತು. ಆರೈಕೆದಾರರಾಗಿ ಸ್ಥಳೀಯ ಮಹಿಳೆಯರಿಗೆ ತರಬೇತಿ ನೀಡಲಾಗುತ್ತದೆ. ಕೇಂದ್ರ ಸರ್ಕಾರದ 'ಪಾಲ್ನಾ' ಯೋಜನೆಯೂ ಅಂಗನವಾಡಿಯೊಂದಿಗೆ ಶಿಶುಪಾಲನಾ ಕೇಂದ್ರವನ್ನು ಜೋಡಿಸುವ ಅವಕಾಶವನ್ನು ಹೊಂದಿದೆ.

ಕಾರ್ಯಕರ್ತೆಯರ ಸ್ಥಾನಮಾನ

ಕೇಂದ್ರವು ಶಿಕ್ಷಣದ್ದೋ ಪಾಲನೆಯದ್ದೋ ಎಂಬ ಪ್ರಶ್ನೆ ಅಲ್ಲಿ ದುಡಿಯುವ ಮಹಿಳೆಯರ ಜೀವನೋಪಾಯಕ್ಕೂ ಸಂಬಂಧಿಸಿದೆ. ಶಾಲೆಯ ಶಿಕ್ಷಕಿಗೆ ವೇತನಶ್ರೇಣಿ ಮತ್ತು ಸೇವಾ ಭದ್ರತೆ ಇವೆ. ಅಂಗನವಾಡಿ ಕಾರ್ಯಕರ್ತೆಯನ್ನು ಯೋಜನೆಯು ಗೌರವ ಸೇವಕಿಯೆಂದು ಪರಿಗಣಿಸಿ ವೇತನದ ಬದಲು ಗೌರವಧನ ನೀಡುತ್ತದೆ. ಮಗುವನ್ನು ನೋಡಿಕೊಳ್ಳುವುದು ಮಹಿಳೆಯರಿಗೆ ಸಹಜವಾಗಿ ಬರುವ ಕೆಲಸ, ಅದಕ್ಕೆ ವಿಶೇಷ ಕೌಶಲ ಬೇಕಿಲ್ಲ ಎಂಬ ಗ್ರಹಿಕೆ ಇದರ ಹಿಂದಿದೆ ಎಂದು ಸ್ತ್ರೀವಾದಿ ಅರ್ಥಶಾಸ್ತ್ರಜ್ಞರು ವಿಶ್ಲೇಷಿಸುತ್ತಾರೆ.

ಈ ಬಗೆಗಿನ ಎರಡು ತೀರ್ಪುಗಳು ಮುಖ್ಯವಾದವು. ಕರ್ನಾಟಕ ರಾಜ್ಯ ವಿರುದ್ಧ ಅಮೀರ್‌ಬಿ ಪ್ರಕರಣದಲ್ಲಿ 2006ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ನಾಗರಿಕ ಹುದ್ದೆಯಲ್ಲ ಎಂದು ತೀರ್ಮಾನಿಸಿತು. ಗುಜರಾತಿನಿಂದ ಬಂದ ಮಣಿಬೆನ್ ಮಗನ್‌ಭಾಯಿ ಭಾರಿಯಾ ಪ್ರಕರಣದಲ್ಲಿ 2022ರ ಏಪ್ರಿಲ್ 25ರಂದು ಅದೇ ನ್ಯಾಯಾಲಯವು ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಉಪದಾನಕ್ಕೆ, ಅಂದರೆ ಗ್ರಾಚ್ಯುಟಿಗೆ, ಅರ್ಹರೆಂದು ಹೇಳಿತು. ಎರಡನೆಯ ತೀರ್ಪಿನ ಒಂದು ತರ್ಕ ಗಮನಾರ್ಹವಾದುದು: ಅಂಗನವಾಡಿಯಲ್ಲಿ 3ರಿಂದ 6 ವರ್ಷದ ಮಕ್ಕಳಿಗೆ ನಡೆಯುವ ಶಾಲಾಪೂರ್ವ ತರಗತಿಯು ಶೈಕ್ಷಣಿಕ ಚಟುವಟಿಕೆಯಾಗಿದ್ದು, ಕಲಿಸುವ ಕೆಲಸವನ್ನು ಇವರೇ ಮಾಡುತ್ತಾರೆ, ಆದ್ದರಿಂದ ಶಿಕ್ಷಣ ಸಂಸ್ಥೆಗಳಿಗೆ ಅನ್ವಯವಾಗುವ ಉಪದಾನದ ನಿಯಮ ಇಲ್ಲಿಗೂ ಅನ್ವಯಿಸುತ್ತದೆ. ಇಲ್ಲಿ 'ಶಿಕ್ಷಣ' ಎಂಬ ಪದವೇ ಒಂದು ಆರ್ಥಿಕ ಹಕ್ಕಿಗೆ ಆಧಾರವಾಯಿತು.

ವಾದಗಳು

ಶಿಕ್ಷಣವೇ ಪ್ರಧಾನವೆನ್ನುವವರು ಮೆದುಳಿನ ಬೆಳವಣಿಗೆಯ ಬಹುಭಾಗ ಮೊದಲ ಆರು ವರ್ಷಗಳಲ್ಲಿಯೇ ನಡೆಯುತ್ತದೆ ಎಂಬುದನ್ನು ಮುಂದಿಡುತ್ತಾರೆ. ಓದುವ ಪರಿಸರವಿಲ್ಲದ ಮನೆಯ ಮಗು ಒಂದನೇ ತರಗತಿಗೆ ಬರುವ ವೇಳೆಗಾಗಲೇ ಹಿಂದುಳಿದಿರುತ್ತದೆ. ಆ ಅಂತರವನ್ನು ಮೊದಲೇ ತುಂಬುವುದು ಸಾರ್ವಜನಿಕ ಶಾಲಾಪೂರ್ವ ಶಿಕ್ಷಣದ ಕೆಲಸವೆಂಬುದು ಅವರ ವಾದ. ರಾಷ್ಟ್ರೀಯ ಶಿಕ್ಷಣ ನೀತಿ 2020 ಈ ದೃಷ್ಟಿಯಿಂದಲೇ 3ರಿಂದ 8 ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತವೆಂದು ಕರೆದು ಶಾಲಾ ವ್ಯವಸ್ಥೆಯೊಳಗೆ ತಂದಿತು.

ಪಾಲನೆಯೇ ಪ್ರಧಾನವೆನ್ನುವವರು ಕುಟುಂಬಗಳ ನಿಜವಾದ ಬಳಕೆಯನ್ನು ಗಮನಿಸುತ್ತಾರೆ. ದಿನಗೂಲಿಯ ತಾಯಿಗೆ ಮಗು ಎಷ್ಟು ಅಕ್ಷರ ಕಲಿಯಿತು ಎಂಬುದಕ್ಕಿಂತ ಮೊದಲು, ತಾನು ಮರಳುವವರೆಗೆ ಅದು ಸುರಕ್ಷಿತವಾಗಿತ್ತೇ, ಹೊಟ್ಟೆ ತುಂಬ ಉಂಡಿತೇ ಎಂಬುದು ಮುಖ್ಯ. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗೆ ಹೋಗುವ ಮಹಿಳೆಯ ಕೆಲಸದ ಹೊತ್ತಿಗೂ ಅಂಗನವಾಡಿಯ ಹೊತ್ತಿಗೂ ಹೊಂದಿಕೆಯಾಗದಿದ್ದರೆ ಅತ್ಯುತ್ತಮ ಪಠ್ಯಕ್ರಮವೂ ಆಕೆಗೆ ಉಪಯೋಗಕ್ಕೆ ಬಾರದು. ಅಜ್ಜಿ ಊರಿನಲ್ಲಿಯೂ ಮಗಳು ನಗರದಲ್ಲಿಯೂ ಇರುವ ವಲಸೆ ಕುಟುಂಬಗಳಲ್ಲಿ ಈ ಅಗತ್ಯ ಇನ್ನೂ ತೀವ್ರವಾಗಿರುತ್ತದೆ.

ಮೂರನೆಯ ನಿಲುವು ಎರಡನ್ನೂ ಬೇರ್ಪಡಿಸಲಾಗದು ಎನ್ನುತ್ತದೆ. ಹಸಿದ ಮಗು ಕಲಿಯಲಾರದು. ಗಂಟೆಗಟ್ಟಲೆ ಸುಮ್ಮನೆ ಕೂರಿಸಿದ ಮಗುವಿನ ಪಾಲನೆಯನ್ನು ಪಾಲನೆ ಎನ್ನಲಾಗದು. ಈ ನಿಲುವಿನವರು ಮೂರು ವರ್ಷದ ಮಕ್ಕಳಿಗೆ ಬರವಣಿಗೆ, ಪರೀಕ್ಷೆಗಳನ್ನು ಹೇರುವ ಶಾಲೆಗಳನ್ನೂ, ಮಕ್ಕಳನ್ನು ಕೇವಲ ಕಾಯುವ ಕೇಂದ್ರಗಳನ್ನೂ ಒಂದೇ ರೀತಿಯಲ್ಲಿ ಟೀಕಿಸುತ್ತಾರೆ.

ಸಂಶೋಧನೆಗಳು

ಅಮೆರಿಕದ ಮಿಷಿಗನ್ ರಾಜ್ಯದ ಯಪ್ಸಿಲಾಂಟಿಯಲ್ಲಿ 1962ರಿಂದ 1967ರವರೆಗೆ ನಡೆದ ಪೆರ್ರಿ ಶಾಲಾಪೂರ್ವ ಪ್ರಯೋಗದಲ್ಲಿ 123 ಬಡ ಮಕ್ಕಳನ್ನು ಎರಡು ಗುಂಪುಗಳಾಗಿ ಮಾಡಲಾಗಿತ್ತು. ಶಾಲಾಪೂರ್ವ ಶಿಕ್ಷಣ ಪಡೆದವರ ಬುದ್ಧಿಮತ್ತೆಯ ಅಂಕಗಳಲ್ಲಿನ ಆರಂಭಿಕ ಏರಿಕೆ ಕೆಲವು ವರ್ಷಗಳಲ್ಲಿ ಮರೆಯಾಯಿತು. ಆದರೆ 40ರ ವಯಸ್ಸಿನಲ್ಲಿ ಅವರ ಗಳಿಕೆ ಹೆಚ್ಚಾಗಿತ್ತು, ಅಪರಾಧದ ಪ್ರಮಾಣ ಕಡಿಮೆಯಾಗಿತ್ತು. ಅಂಕಗಳಿಗಿಂತ ಸ್ವಭಾವ ಮತ್ತು ಸ್ವನಿಯಂತ್ರಣದ ಮೇಲಿನ ಪರಿಣಾಮವೇ ಇದಕ್ಕೆ ಕಾರಣವೆಂದು ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ವಿವರಿಸಿದ್ದಾರೆ. ಪ್ರಯೋಗದ ಗಾತ್ರ ಚಿಕ್ಕದಾಗಿದ್ದು, ತರಬೇತಾದ ಶಿಕ್ಷಕಿಯರು ಮತ್ತು ನಿಯಮಿತ ಮನೆಭೇಟಿಗಳನ್ನು ಒಳಗೊಂಡಿತ್ತಾದ್ದರಿಂದ ಅದರ ಫಲಿತಾಂಶವನ್ನು ಎಲ್ಲ ಕೇಂದ್ರಗಳಿಗೂ ಅನ್ವಯಿಸಲಾಗದು.

ಕೆನಡಾದ ಕ್ವಿಬೆಕ್ ಪ್ರಾಂತವು 1997ರಲ್ಲಿ ದಿನಕ್ಕೆ 5 ಡಾಲರ್ ಶುಲ್ಕದ ಶಿಶುಪಾಲನೆಯನ್ನು ಆರಂಭಿಸಿತು. ತಾಯಂದಿರ ಉದ್ಯೋಗ ಪ್ರಮಾಣ ಗಣನೀಯವಾಗಿ ಏರಿತು. ಆದರೆ ಬೇಕರ್, ಗ್ರೂಬರ್ ಮತ್ತು ಮಿಲ್ಲಿಗನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಲ್ಲಿ ಆತಂಕ ಮತ್ತು ಆಕ್ರಮಣಶೀಲತೆ ಹೆಚ್ಚಿದ್ದು ಕಂಡುಬಂದಿತು. ತಾಯಿಗೆ ಅನುಕೂಲವಾದದ್ದೆಲ್ಲವೂ ತಾನಾಗಿಯೇ ಮಗುವಿಗೆ ಒಳಿತಾಗುವುದಿಲ್ಲ, ಗುಣಮಟ್ಟ ಮುಖ್ಯ ಎಂಬುದಕ್ಕೆ ಈ ಅಧ್ಯಯನವನ್ನು ಉದಾಹರಿಸಲಾಗುತ್ತದೆ.

ಭಾರತದ ಸಂದರ್ಭದಲ್ಲಿ ತಮಿಳುನಾಡಿನ 320 ಅಂಗನವಾಡಿಗಳಲ್ಲಿ ಗನಿಮಿಯನ್, ಮುರಳೀಧರನ್ ಮತ್ತು ವಾಲ್ಟರ್ಸ್ ನಡೆಸಿದ ಪ್ರಯೋಗ ಮಹತ್ವದ್ದು. ಆಯ್ದ ಕೇಂದ್ರಗಳಿಗೆ ಶಾಲಾಪೂರ್ವ ಶಿಕ್ಷಣಕ್ಕೆಂದೇ ಅರ್ಧ ದಿನದ ಇನ್ನೊಬ್ಬ ಕಾರ್ಯಕರ್ತೆಯನ್ನು ನೀಡಲಾಯಿತು. ಕಲಿಕೆಯ ಸಮಯ ಸುಮಾರು ಎರಡು ಪಟ್ಟಾಯಿತು. ಗಣಿತ ಮತ್ತು ಭಾಷೆಯಲ್ಲಿ ಮಕ್ಕಳು ಉತ್ತಮ ಸಾಧನೆ ತೋರಿದರು. ಮೊದಲಿನ ಕಾರ್ಯಕರ್ತೆಗೆ ಆರೋಗ್ಯ ಮತ್ತು ಪೌಷ್ಟಿಕತೆಯ ಕೆಲಸಕ್ಕೆ ಬಿಡುವು ದೊರೆತುದರಿಂದ ಮಕ್ಕಳ ಕುಂಠಿತ ಬೆಳವಣಿಗೆಯೂ ತಗ್ಗಿತು. ಶಿಕ್ಷಣ ಮತ್ತು ಪೋಷಣೆ ಪರಸ್ಪರ ಸ್ಪರ್ಧಿಸುವುದು ಅವುಗಳ ಸ್ವಭಾವದಿಂದಲ್ಲ, ಕೈಗಳ ಕೊರತೆಯಿಂದ ಎಂಬುದನ್ನು ಈ ಪ್ರಯೋಗ ಸೂಚಿಸಿತು.

ಇತರ ದೇಶಗಳ ವ್ಯವಸ್ಥೆ

ಜಪಾನಿನಲ್ಲಿ ಶಿಕ್ಷಣ ಸಚಿವಾಲಯದಡಿ ನಡೆಯುವ ಯೋಚಿಯೆನ್ ಮತ್ತು ಕಲ್ಯಾಣ ಆಡಳಿತದಡಿ ಬೆಳೆದ ಹೊಯಿಕುಯೆನ್ ಎಂಬ ಎರಡು ಪ್ರತ್ಯೇಕ ಸಂಸ್ಥೆಗಳಿವೆ. ಮೊದಲನೆಯದು ಸಾಮಾನ್ಯವಾಗಿ ಮಧ್ಯಾಹ್ನದವರೆಗೆ, ಎರಡನೆಯದು ದುಡಿಯುವ ಪೋಷಕರಿಗಾಗಿ ಇಡೀ ದಿನ ನಡೆಯುತ್ತದೆ. ಇವೆರಡನ್ನೂ ಕೂಡಿಸಿದ ಕೊದೊಮೊಯೆನ್ ಎಂಬ ಕೇಂದ್ರಗಳಿಗೆ 2006ರಲ್ಲಿ ಅವಕಾಶ ನೀಡಲಾಯಿತು. ಸ್ವೀಡನ್ 1996ರಲ್ಲಿ ಶಿಶುಪಾಲನೆಯ ಹೊಣೆಯನ್ನು ಸಾಮಾಜಿಕ ವ್ಯವಹಾರಗಳ ಸಚಿವಾಲಯದಿಂದ ಶಿಕ್ಷಣ ಸಚಿವಾಲಯಕ್ಕೆ ವರ್ಗಾಯಿಸಿ, 1998ರಲ್ಲಿ ಶಾಲಾಪೂರ್ವ ಪಠ್ಯಕ್ರಮವನ್ನು ಜಾರಿಗೆ ತಂದಿತು. ಜರ್ಮನಿಯಲ್ಲಿ 2013ರ ಆಗಸ್ಟ್‌ನಿಂದ ಒಂದು ವರ್ಷ ತುಂಬಿದ ಮಗುವಿಗೆ ಪಾಲನಾ ಕೇಂದ್ರದಲ್ಲಿ ಸ್ಥಳ ಪಡೆಯುವ ಕಾನೂನುಬದ್ಧ ಹಕ್ಕಿದೆ. ಫ್ರಾನ್ಸ್ 2019ರಿಂದ 3 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಕಡ್ಡಾಯಗೊಳಿಸಿದೆ.

ಪ್ರಾಥಮಿಕ ಶಾಲೆ ಮತ್ತು ಕೋವಿಡ್ ಅವಧಿ

ಪಾಲನೆಯ ಕಾರ್ಯವು ಶಾಲಾಪೂರ್ವ ಹಂತಕ್ಕೆ ಮುಗಿಯುವುದಿಲ್ಲ. ಪ್ರಾಥಮಿಕ ಶಾಲೆಯೂ ದಿನದ ಕೆಲವು ಗಂಟೆ ಮಕ್ಕಳನ್ನು ಸುರಕ್ಷಿತವಾಗಿರಿಸಿ ಊಟ ನೀಡುತ್ತದೆ. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಬಳಿಕ ರಾಜ್ಯಕ್ಕೆ ವಿಸ್ತರಿಸಿದ ಅಕ್ಷರ ದಾಸೋಹ ಯೋಜನೆಯ ಹೆಸರಿನಲ್ಲಿಯೇ ಅಕ್ಷರ ಮತ್ತು ಅನ್ನ ಎರಡೂ ಸೇರಿವೆ.

2020ರ ಮಾರ್ಚ್‌ನಲ್ಲಿ ಕೋವಿಡ್-19 ಕಾರಣದಿಂದ ಶಾಲೆ ಮತ್ತು ಅಂಗನವಾಡಿಗಳು ಮುಚ್ಚಿದಾಗ ಈ ಎರಡು ಕಾರ್ಯಗಳ ವ್ಯತ್ಯಾಸ ಸ್ಪಷ್ಟವಾಯಿತು. ಪಾಠವನ್ನು ದೂರದರ್ಶನ ಮತ್ತು ಮೊಬೈಲುಗಳ ಮೂಲಕವೂ, ಆಹಾರ ಸಾಮಗ್ರಿಯನ್ನು ಮನೆಬಾಗಿಲಿಗೂ ತಲುಪಿಸುವ ಪ್ರಯತ್ನಗಳು ನಡೆದವು. ಪಾಲನೆಯನ್ನು ಮಾತ್ರ ಹಾಗೆ ದೂರದಿಂದ ಒದಗಿಸಲು ಸಾಧ್ಯವಿರಲಿಲ್ಲ. ಅದರ ಭಾರ ಮನೆಯ ಮಹಿಳೆಯರ ಮತ್ತು ಹಿರಿಯ ಹೆಣ್ಣುಮಕ್ಕಳ ಮೇಲೆ ಮರಳಿ ಬಿದ್ದಿತು. ಕರ್ನಾಟಕದಲ್ಲಿ ಅಂಗನವಾಡಿಗಳು 2021ರ ನವೆಂಬರ್ 8ರಂದು ಮಕ್ಕಳಿಗಾಗಿ ಮತ್ತೆ ತೆರೆದವು.

ಇತ್ತೀಚಿನ ಬೆಳವಣಿಗೆಗಳು

ರಾಷ್ಟ್ರೀಯ ಶಿಕ್ಷಣ ನೀತಿಯು 2030ರೊಳಗೆ ಗುಣಮಟ್ಟದ ಶಾಲಾಪೂರ್ವ ಶಿಕ್ಷಣವನ್ನು ಎಲ್ಲರಿಗೂ ತಲುಪಿಸುವ ಗುರಿ ಹೊಂದಿದ್ದು, 12ನೇ ತರಗತಿ ಓದಿದ ಅಂಗನವಾಡಿ ಕಾರ್ಯಕರ್ತೆಯರಿಗೆ 6 ತಿಂಗಳ ಪ್ರಮಾಣಪತ್ರ ಕೋರ್ಸನ್ನೂ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾವನ್ನೂ ಸೂಚಿಸಿದೆ. 2022ರಲ್ಲಿ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಪ್ರಕಟವಾಯಿತು. 2023ರಲ್ಲಿ ಕೇಂದ್ರ ಸರ್ಕಾರವು ಅಂಗನವಾಡಿಗಳಲ್ಲಿ ಪೋಷಣೆಯೊಂದಿಗೆ ಕಲಿಕೆಗೂ ಒತ್ತು ನೀಡುವ 'ಪೋಷಣ್ ಭೀ ಪಢಾಯೀ ಭೀ' ಕಾರ್ಯಕ್ರಮವನ್ನು ಆರಂಭಿಸಿತು. ಪೋಷಣೆಯೂ ಓದೂ ಎಂಬುದು ಆ ಹೆಸರಿನ ಅರ್ಥ. 3 ವರ್ಷದೊಳಗಿನ ಮಕ್ಕಳ ಇಡೀ ದಿನದ ಪಾಲನೆಯು ಈ ಶಿಕ್ಷಣ ಸುಧಾರಣೆಗಳ ಹೊರಗಿದ್ದು, ಕೂಸಿನ ಮನೆ ಮತ್ತು ಪಾಲ್ನಾದಂತಹ ಪ್ರತ್ಯೇಕ ಯೋಜನೆಗಳನ್ನು ಅವಲಂಬಿಸಿದೆ.